ಎಂಸಿಬಿ ಬೀಳಲೇ ಇಲ್ಲ, ಸಾಕೆಟ್ ಮಾತ್ರ ಸುಟ್ಟಿತು

ಹೋದ ಡಿಸೆಂಬರ್‌ನಲ್ಲಿ ಒಂದು ವಾರ ನಮ್ಮ ಮನೆಯಲ್ಲಿ ಬೆಳಗಾದರೆ ಮೀನಿನ ವಾಸನೆ. ನಾವು ಮೀನು ತಿನ್ನುವವರಲ್ಲ. ಪಕ್ಕದ ಮನೆಯವರು ಹುರಿಯುತ್ತಿರಬೇಕು ಎಂದು ಕಿಟಕಿ ಮುಚ್ಚಿದರೆ ವಾಸನೆ ಇನ್ನೂ ಜಾಸ್ತಿಯಾಯಿತು! ಬಚ್ಚಲುಮನೆಯ ಸಾಕೆಟ್ಟಿನ ಪ್ಲಾಸ್ಟಿಕ್ ಬೇಯುತ್ತಿದೆ ಎಂದು ತಿಳಿದದ್ದು ಅದರಿಂದ ಹೊಗೆ ಎದ್ದ ದಿನ.

ನಮ್ಮದು ಬಾಡಿಗೆ ಮನೆ. ಗೀಸರ್ 2000 ವ್ಯಾಟ್‌ನದು, ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್. ಗೋಡೆಯಲ್ಲಿದ್ದದ್ದು 6 ಆಂಪಿಯರ್ ಸಾಕೆಟ್. ಅಂಗಡಿಯಲ್ಲಿ ಶಾಂಪೂ ಪೊಟ್ಟಣಗಳ ಪಕ್ಕ ನೇತಾಡುತ್ತಿದ್ದ ಕನ್ವರ್ಟರ್ ಪ್ಲಗ್ ಒಂದನ್ನು ತಂದು ನಡುವೆ ಸಿಕ್ಕಿಸಿದೆ. ಲೆಕ್ಕ ಹಾಕದೆ ಸಿಕ್ಕಿಸಿದ್ದಲ್ಲ. 2000 ವ್ಯಾಟ್ ಅನ್ನು 230 ವೋಲ್ಟ್‌ನಿಂದ ಭಾಗಿಸಿದರೆ 8.7 ಆಂಪಿಯರ್. ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು, ಅಂದರೆ ಎಂಸಿಬಿ, 10 ಆಂಪಿಯರ್‌ನದು. ಹೆಚ್ಚುಕಡಿಮೆಯಾದರೆ ಅದು ಬೀಳುತ್ತದೆ, ಬೀಳದಿದ್ದರೆ ಎಲ್ಲವೂ ಸರಿಯಿದೆ ಎಂದುಕೊಂಡೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವನ ಜಂಬ ಬೇರೆ.

ಎಲೆಕ್ಟ್ರಿಷಿಯನ್ ಮೈನ್ ಆರಿಸಿ ಸಾಕೆಟ್ ಕಳಚಿದರು. ಒಂದು ತೂತಿನ ಬಾಯಿ ಮೇಣದಂತೆ ಕುಸಿದಿತ್ತು. ಹಿತ್ತಾಳೆ ಪಿನ್ ನೀಲಿಗಪ್ಪಾಗಿತ್ತು. ಒಳಗಿನ ತಂತಿಯ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಅಡುಗೆಮನೆಯಲ್ಲಿ ಓವನ್‌ಗೂ ಇದೇ ಬಗೆಯ ಕನ್ವರ್ಟರ್ ಇತ್ತು. ಅವರು ಅದನ್ನು ಅಳೆದು ತೋರಿಸಿದರು. ಓವನ್ ಹಚ್ಚಿದಾಗ, ತಂತಿಯನ್ನು ಹೊರಗಿನಿಂದ ಸುತ್ತುವರಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 6 ಆಂಪಿಯರ್. ಸಾಕೆಟ್ಟಿನ ಹಿಂದೆ 228 ವೋಲ್ಟ್, ಕನ್ವರ್ಟರ್ ದಾಟಿದ ಮೇಲೆ 225. ನಡುವೆ ಕಳೆದುಹೋದ 3 ವೋಲ್ಟ್ ಅನ್ನು 6ರಿಂದ ಭಾಗಿಸಿದರೆ ಜೋಡಣೆಯ ರೋಧ, ಅಂದರೆ ಅದು ಕರೆಂಟಿಗೆ ಒಡ್ಡುವ ಅಡ್ಡಿ, ಅರ್ಧ ಓಮ್. ಅದೇ 3 ಅನ್ನು 6ರಿಂದ ಗುಣಿಸಿದರೆ 18 ವ್ಯಾಟ್. ಅಷ್ಟೂ ಶಾಖ ಹೆಬ್ಬೆರಳಿನಷ್ಟು ಜಾಗದಲ್ಲಿ. ಗೀಸರಿನ ಕರೆಂಟಿಗೆ ಅದೇ ಅರ್ಧ ಓಮ್ ಇದ್ದರೂ ಸಾಕು, ಶಾಖ 36 ವ್ಯಾಟ್ ದಾಟುತ್ತದೆ. ಶಾಖ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ; ಹಾಗಾಗಿ ಕರೆಂಟು ಒಂದೂವರೆ ಪಟ್ಟೂ ಆಗಿಲ್ಲ, ಶಾಖ ಇಮ್ಮಡಿ. ಸರ್ಕ್ಯೂಟ್ ಬೆಸೆಯುವ ಸೋಲ್ಡರಿಂಗ್ ಐರನ್ ಬರೀ 25 ವ್ಯಾಟ್‌ನದು!

ಎಂಸಿಬಿ ಏಕೆ ಬೀಳಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಗೀಸರಿನ ಸುರುಳಿಯ ರೋಧ ಸುಮಾರು 26 ಓಮ್. ಅದಕ್ಕೆ ಅರ್ಧ ಓಮ್ ಸೇರಿದರೆ ಕರೆಂಟು ಹೆಚ್ಚುವುದಿಲ್ಲ, ಒಂದಿಷ್ಟು ಇಳಿಯುತ್ತದೆ. ಸಡಿಲ ಜೋಡಣೆ ಸುಡುತ್ತಿರುವುದು ಎಂಸಿಬಿಯ ಕಣ್ಣಿಗೆ ಬೀಳುವುದೇ ಇಲ್ಲ. ಬಿಸಿಗೆ ಒಳಗಿನ ಹಿಡಿಕೆ ಸೊರಗುತ್ತದೆ, ಸೊರಗಿದಷ್ಟೂ ರೋಧ ಏರುತ್ತದೆ, ಮತ್ತೆ ಬಿಸಿ.

ಮನೆಯ ಮಲ್ಟಿಮೀಟರಿನಲ್ಲಿ ಓಮ್ ಅಳೆದು ಇದನ್ನು ಹಿಡಿಯುತ್ತೇನೆಂದು ಹೊರಡಬೇಡಿ. ಅದರ ತಂತಿಗಳಿಗೇ ಹತ್ತಿರ ಹತ್ತಿರ ಅಷ್ಟು ರೋಧವಿರುತ್ತದೆ. ಕರೆಂಟು ಹರಿಯುತ್ತಿರುವ ಕಡೆ ಓಮ್ ಅಳೆಯಲು ಹೋದರಂತೂ ಮೀಟರಿಗೂ ನಿಮಗೂ ಅಪಾಯ. ವೋಲ್ಟಿನ ವ್ಯತ್ಯಾಸ ನೋಡುವುದು ಕಸುಬು ಬಲ್ಲವರ ಕೆಲಸ. ನೀವು ಪ್ಲಗ್ಗಿನ ಮೇಲಿನ ಆಂಪಿಯರ್ ಅಂಕಿಯನ್ನೂ ಸಾಕೆಟ್ಟಿನ ಅಂಕಿಯನ್ನೂ ಹೋಲಿಸಿ ನೋಡಿ. ಕಂದು ಕಲೆಯಾಗಲಿ ಮೀನಿನ ವಾಸನೆಯಾಗಲಿ ಕಂಡುಬಂದರೆ ಮೈನ್ ಆರಿಸಿ.

ಈಗ ಗೀಸರಿಗೆ ಬೇರೆಯೇ ದಪ್ಪ ತಂತಿ ಎಳೆಸಿ 16 ಆಂಪಿಯರ್ ಪಾಯಿಂಟ್ ಹಾಕಿಸಿದ್ದೇವೆ. ಖರ್ಚಿನಲ್ಲಿ ಅರ್ಧವನ್ನು ಮನೆಯ ಮಾಲೀಕರು ಗೊಣಗುತ್ತ ಕೊಟ್ಟರು. ಓವನ್ ಅಟ್ಟ ಸೇರಿದೆ.