ದುರ್ಗದ ಗರಸು ನೆಲಕ್ಕೆ ಸಸಿ: ಹೆದ್ದಾರಿಯ ನರ್ಸರಿಯೋ, ಅರಣ್ಯ ಇಲಾಖೆಯ ಸಸ್ಯಕ್ಷೇತ್ರವೋ?

ಮನೆಯ ಹಿಂದಿನ ಖಾಲಿ ಜಾಗದಲ್ಲಿ ಈ ಸೀಮೆಯದೇ ಗಿಡಮರಗಳ ಕೈತೋಟ ಮಾಡಬೇಕೆಂದು, ಚಿತ್ರದುರ್ಗದ ಸುತ್ತಮುತ್ತಲಿನ ಖಾಸಗಿ ನರ್ಸರಿಗಳನ್ನೂ ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳ ಸಸ್ಯಕ್ಷೇತ್ರಗಳನ್ನೂ ಸುತ್ತಿ ಸಸಿಗಳನ್ನು ತಂದು ನೆಟ್ಟೆ. ನನ್ನ ಮತ ಅರಣ್ಯ ಇಲಾಖೆಗೆ. ಅಲ್ಲಿಂದ ತಂದ ಗೇಣುದ್ದದ ಹೊಂಗೆ, ಕಮರ, ಕಕ್ಕೆ ಸಸಿಗಳು ಬೇಸಿಗೆಯನ್ನು ದಾಟಿದವು. ಹೆದ್ದಾರಿ ಬದಿಯ ನರ್ಸರಿಯೊಂದರಿಂದ ಹತ್ತಾರು ಪಟ್ಟು ಬೆಲೆ ಕೊಟ್ಟು ತಂದ ಆಳೆತ್ತರದ ಗಿಡಗಳಲ್ಲಿ ಹೆಚ್ಚಿನವು ದಾಟಲಿಲ್ಲ.

ಕಾರಣ ಬೇರನ್ನು ಸುತ್ತಿಕೊಂಡಿದ್ದ ಮಣ್ಣು. ಆ ಗಿಡಗಳು ಇಲ್ಲಿ ಬೆಳೆದವಲ್ಲ, ಗೋದಾವರಿ ಸೀಮೆಯಿಂದ ಲಾರಿಯಲ್ಲಿ ಬಂದವು. ಅವುಗಳ ಬೇರಿಗೆ ಅಲ್ಲಿಯ ಜಿಗುಟು ಜೇಡಿಯನ್ನು ಉಂಡೆ ಕಟ್ಟಿರುತ್ತಾರೆ. ನಮ್ಮ ಸಡಿಲವಾದ ಕೆಂಪು ಗರಸಿನಲ್ಲಿ ಅದನ್ನು ಹಾಗೆಯೇ ಇಳಿಸಿದರೆ, ಒಮ್ಮೆ ಒಣಗಿದ ಉಂಡೆ ಸುಟ್ಟ ಇಟ್ಟಿಗೆಯಂತಾಗಿ, ಹಾಕಿದ ನೀರೆಲ್ಲ ಅದರ ಪಕ್ಕದಿಂದ ಜಾರಿ ಗರಸಿಗೆ ಇಳಿದುಹೋಗುತ್ತದೆ. ಪಾತಿ ನೋಡಿದರೆ ಒದ್ದೆ, ಬೇರು ಮಾತ್ರ ಒಣ.

ಎಲೆ ಉದುರತೊಡಗಿದಾಗ ಮಾರಿದವರನ್ನು ಕೇಳಿದೆ. ನೀರು ಹೆಚ್ಚಾಗಿದೆ, ಕಡಿಮೆ ಮಾಡಿ ಎಂದರು. ಕೊನೆಗೆ ಒಣಗಿದ ಗಿಡವೊಂದನ್ನು ಅಗೆದು ತೆಗೆದು ಉಂಡೆಯನ್ನು ಗುದ್ದಲಿಯ ಕಾವಿನಿಂದ ಒಡೆದು ನೋಡಿದರೆ, ನಡುವೆ ಬೂದಿ ಬಣ್ಣದ ಧೂಳು, ತಳದಲ್ಲಿ ಹಳೆಯ ಚೀಲದ ಆಕಾರಕ್ಕೇ ಸುರುಳಿ ಸುತ್ತಿಕೊಂಡ ದಪ್ಪ ಬೇರು. ಹೊರಗಿನ ಮಣ್ಣಿಗೆ ಒಂದೆಳೆಯೂ ಚಾಚಿರಲಿಲ್ಲ. ಉಳಿದ ಗಿಡಗಳ ಉಂಡೆಯನ್ನು ನೀರಿನಲ್ಲಿ ನೆನೆಸಿ, ಜೇಡಿಯನ್ನು ಬಿಡಿಸಿ, ಸುರುಳಿ ಬೇರನ್ನು ಕತ್ತರಿಸಿ ಮತ್ತೆ ನೆಟ್ಟದ್ದರಿಂದ ಕೆಲವಾದರೂ ಚಿಗುರಿದವು. ಹೆಚ್ಚು ಮಳೆಯನ್ನು ಕಾಣದ, ನಲ್ಲಿಯಲ್ಲಿ ಶಾಂತಿಸಾಗರದ (ಸೂಳೆಕೆರೆಯ) ನೀರು ಬರುವ ದಿನವನ್ನು ಕಾಯುವ ಊರಿನಲ್ಲಿ ಇಂತಹ ಗಿಡಗಳನ್ನು ಸಾಕುವುದು ನನ್ನಂಥವರ ಕೈಲಾಗದ ಕೆಲಸ.

ಇನ್ನು ಹೆದ್ದಾರಿಯ ನರ್ಸರಿಯಲ್ಲಿ ‘ನಮ್ಮ ಕಡೆಯ ಗಿಡ’ ಎಂದು ಕೇಳಿದರೆ ತೋರಿಸುವುದು ಗುಲ್‌ಮೊಹರ್ ಮತ್ತು ದೇವಕಣಗಿಲೆ. ಮೊದಲನೆಯದು ಮಡಗಾಸ್ಕರ್‌ನದು, ಎರಡನೆಯದು ಅಮೆರಿಕ ಖಂಡದ್ದು. ದೇವಸ್ಥಾನದ ಅಂಗಳದಲ್ಲಿ ಎಷ್ಟು ಕಾಲದಿಂದ ಇದ್ದರೇನು! ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದ ಕೊನೊಕಾರ್ಪಸ್ ಎಂಬ ಹೊರದೇಶದ ಅಲಂಕಾರಿಕ ಗಿಡ ಕೂಡ ಸಾಲಿನಲ್ಲಿತ್ತು.

ತೋಟಗಾರಿಕೆ ಇಲಾಖೆಯಲ್ಲಿ ಮಾವು, ನಿಂಬೆಯ ಕಸಿ ಗಿಡಗಳು ಚೆನ್ನಾಗಿವೆ, ಆದರೆ ನನಗೆ ಬೇಕಾದದ್ದು ಅದಲ್ಲ.

ಅರಣ್ಯ ಇಲಾಖೆಯ ಸಸಿ ಚಿಕ್ಕದು. ಅದೇ ಅದರ ಗುಣ. ಕಮರದಂತಹ ಮರ ಎಳೆತನದಲ್ಲಿಯೇ ತಾಯಿಬೇರನ್ನು ಆಳಕ್ಕೆ ಇಳಿಸುವುದರಿಂದ, ಚೀಲದಲ್ಲಿ ವರ್ಷಗಟ್ಟಲೆ ಉಳಿದಷ್ಟೂ ಅದಕ್ಕೆ ಕೇಡು. ತೊಡಕೆಂದರೆ ಮುಂಗಾರಿನ ವಿತರಣೆಯ ಹೊತ್ತಿಗೇ ಹೋಗಬೇಕು, ತಡವಾದರೆ ತೇಗ, ಹೆಬ್ಬೇವು ಮಾತ್ರ ಉಳಿದಿರುತ್ತವೆ.

ದೊಡ್ಡ ಕೊರತೆ ಪೊದೆಗಳದ್ದು. ಊರಿನ ಪಕ್ಕದ ಜೋಗಿಮಟ್ಟಿ ಕಾಡಿನ ರಸ್ತೆಯುದ್ದಕ್ಕೂ ಕಾಣುವ ತಂಗಡಿ, ಬಂದರಿಕೆ, ಕವಳೆಗಳು ಖಾಸಗಿ ನರ್ಸರಿ, ತೋಟಗಾರಿಕೆ, ಅರಣ್ಯ ಇಲಾಖೆ ಮೂರೂ ಕಡೆ ನನಗೆ ಸಿಗಲಿಲ್ಲ. ಬೇಲಿಯಲ್ಲಿ ತಾನಾಗಿ ಹುಟ್ಟುವುದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂಬ ಲೆಕ್ಕವಿರಬೇಕು. ಜೋಗಿಮಟ್ಟಿ ವನ್ಯಜೀವಿಧಾಮವಾದ್ದರಿಂದ ಅಲ್ಲಿ ಏನನ್ನೂ ಕೀಳುವಂತಿಲ್ಲ. ಯಾವ ಗಿಡ ಬಂಡೆಯ ಪಕ್ಕ, ಯಾವುದು ಇಳಿಜಾರಿನಲ್ಲಿ ಎಂದು ನೋಡಿ ಬರಲು ಮಾತ್ರ ಅದಕ್ಕಿಂತ ಒಳ್ಳೆಯ ತೋಟವಿಲ್ಲ. ತಂಗಡಿಯ ಬೀಜವನ್ನು ಪರಿಚಯದವರೊಬ್ಬರ ಹೊಲದ ಬದುವಿನಿಂದ ತಂದು, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಿತ್ತಿದ್ದೇನೆ. ಖರ್ಚಿಲ್ಲದೆ ಬೇಲಿಯೊಂದು ಎದ್ದಿದೆ.

ಕೊಳವೆಬಾವಿ ಇರುವವರು, ಗೃಹಪ್ರವೇಶದ ಹೊತ್ತಿಗೆ ನೆರಳು ಬೇಕೆನ್ನುವವರು ಹೆದ್ದಾರಿಗೇ ಹೋಗಲಿ. ಆದರೆ ಹಣ ಕೊಡುವ ಮುನ್ನ ಒಂದು ಗಿಡದ ಚೀಲವನ್ನು ಅಲ್ಲಿಯೇ ಸೀಳಿಸಿ ಬೇರನ್ನು ನೋಡಲಿ. ಸೀಳಲು ಒಪ್ಪದವರ ಬಳಿ ಕೊಳ್ಳುವುದು ಬೇಡ.