ಸುಮ್ನೆ ನಿಲ್ಲುವುದಾ, ಎಂಟು ಚಲನೆಯಾ? ಚಿ ನನಗೆ ಸಿಕ್ಕ ಬಗೆ

ಕೆಲಸಕ್ಕೆಂದು ಶಾಂಘೈಯಲ್ಲಿದ್ದ ಎರಡು ವರ್ಷ, ಬೆಳಿಗ್ಗೆ ಎದ್ದು ಫುಶಿಂಗ್ ಪಾರ್ಕಿಗೆ ಹೋಗುತ್ತಿದ್ದೆ. ಅಲ್ಲಿ ಮರಗಳ ಕೆಳಗೆ ಹಿರಿಯರು ಗುಂಪುಗುಂಪಾಗಿ ಚಿಗೊಂಗ್ ಮಾಡುತ್ತಾರೆ. ಉಸಿರು, ಗಮನ, ನಿಧಾನದ ಚಲನೆ ಸೇರಿದ ಚೀನೀ ಅಭ್ಯಾಸ ಅದು, 'ಚಿ'ಯನ್ನು ಪಳಗಿಸುವುದು. ನನಗೆ ಕಲಿಸಿದವರು ಅರವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರೂ ಅವರನ್ನು 'ಆಯಿ' ಅನ್ನುತ್ತಿದ್ದರು. ಚೀನೀ ಭಾಷೆಯಲ್ಲಿ ಹಾಗೆಂದರೆ ಚಿಕ್ಕಮ್ಮ. ನಮ್ಮ ಶಿರಸಿ ಕಡೆ ಮನೆಯಲ್ಲಿ ಅಮ್ಮನಿಗೇ ಆಯಿ ಅನ್ನುತ್ತೇವೆ. ಮೊದಲ ದಿನವೇ ಅವರು ಹತ್ತಿರದವರಾದರು.

ಚಿ ಅಂದರೇನು ಅಂತ ಕೇಳಿದೆ. ಅವರು ಅಂಗೈ ಮೇಲೆ ಬೆರಳಿನಿಂದ ಹಳೆಯ ಅಕ್ಷರ ಬರೆದು ತೋರಿಸಿದರು. ಒಳಗೆ ಅಕ್ಕಿ, ಮೇಲೆ ಆವಿ. ಅನ್ನದ ಹಬೆ ಅಂತಲೇ ಓದಿಕೊಳ್ಳಬಹುದು. ಹವಾಮಾನಕ್ಕೆ ಅವರು ತಿಯೆನ್‌ಚಿ ಅನ್ನುತ್ತಾರೆ, ಆಕಾಶದ ಚಿ. ಸಿಟ್ಟು ಬಂದರೆ ಶೆಂಗ್‌ಚಿ, ಚಿ ಎದ್ದಿತು ಅಂತ. ಮೈಕಸುವಿಗೆ ಲಿಚಿ. ನಾವು ಇದನ್ನು ಸೀದಾ 'ಪ್ರಾಣ' ಅಂದುಬಿಡುತ್ತೇವೆ. ಅದು ಅವಸರ ಅನ್ನಿಸುತ್ತದೆ ನನಗೆ. ಉಸಿರು, ಕಸುವು, ದಮ್ಮು ಮೂರೂ ಸೇರಿದರೆ ಸ್ವಲ್ಪ ಹತ್ತಿರ ಬರುತ್ತದೆ.

ಚಿಗೊಂಗ್‌ನಲ್ಲಿ ಮೂರು ಬಗೆ ಮಾಡಿ ನೋಡಿದೆ. ಒಂದೊಂದಕ್ಕೂ ಮೂರು ತಿಂಗಳಿಗಿಂತ ಜಾಸ್ತಿ ಕೊಟ್ಟೆ.

ಮೊದಲು ಬಾದುವಾನ್‌ಜಿನ್. ರೇಷ್ಮೆ ಜರಿಬಟ್ಟೆಯ ಎಂಟು ತುಂಡು ಅಂತ ಅದರ ಅರ್ಥ. ಸಾಂಗ್ ರಾಜವಂಶದ ಕಾಲದ ಬರಹದಲ್ಲೇ ಈ ಹೆಸರಿದೆ. ಎರಡೂ ಕೈಯಿಂದ ಆಕಾಶ ಎತ್ತಿಹಿಡಿಯುವುದು, ಎಡಕ್ಕೂ ಬಲಕ್ಕೂ ಬಿಲ್ಲು ಎಳೆಯುವುದು, ಕೊನೆಗೆ ಏಳು ಸಲ ಹಿಮ್ಮಡಿ ಎತ್ತಿ ಇಳಿಸುವುದು. ನಿಧಾನವಾಗಿ ಮಾಡಿದರೂ ನನಗೆ ಹನ್ನೆರಡು ಹದಿಮೂರು ನಿಮಿಷ ಸಾಕು. ಎರಡೇ ವಾರದಲ್ಲಿ ಹೆಗಲ ಬಿಗಿತ ಕಡಿಮೆಯಾಯಿತು, ರಾತ್ರಿ ನಿದ್ದೆ ಚೆನ್ನಾಗಿ ಬಂತು. ಆದರೆ ಚಿ? ಗೊತ್ತಾಗಲಿಲ್ಲ. ಮುಂದಿನ ಚಲನೆ ಯಾವುದು ಅಂತ ನೆನಪು ಮಾಡಿಕೊಳ್ಳುವುದರಲ್ಲೇ ಮನಸ್ಸು ಕಳೆದುಹೋಗುತ್ತಿತ್ತು.

ಆಮೇಲೆ ಜಾನ್‌ಜುವಾಂಗ್. ಗೂಟದ ಹಾಗೆ ನಿಲ್ಲುವುದು, ಅಷ್ಟೇ. ಮಂಡಿ ಸ್ವಲ್ಪ ಸಡಿಲ, ಕೈಗಳು ಎದೆಯ ಮುಂದೆ ದೊಡ್ಡ ಮರವನ್ನು ತಬ್ಬಿದ ಹಾಗೆ. ಚೀನೀ ಸಮರಕಲೆಯ ಗುರು ವಾಂಗ್ ಶಿಯಾಂಗ್‌ಜಾಯ್ (1885–1963) ತಮ್ಮ ಯಿಚ್ವಾನ್ ಎಂಬ ಸಮರಕಲಾ ಪದ್ಧತಿಯನ್ನು ಕಟ್ಟಿದ್ದೇ ಈ ನಿಲುವಿನ ಮೇಲೆ. ಮೊದಲ ವಾರ ಮೂರು ನಿಮಿಷಕ್ಕೇ ತೊಡೆ ನಡುಗಿತು. ಇನ್ನೂ ಕೆಳಗೆ ಕೂತರೆ ಬೇಗ ಫಲ ಬರುತ್ತದೆ ಅಂದುಕೊಂಡು ಮಂಡಿ ಜಾಸ್ತಿ ಬಗ್ಗಿಸಿದೆ. ನೋವು ಶುರುವಾಗಿ ಹತ್ತು ದಿನ ಬಿಡಬೇಕಾಯಿತು. ಆಯಿ ಬೈಯಲಿಲ್ಲ, ನನ್ನ ಸೊಂಟ ಹಿಡಿದು ಎರಡು ಇಂಚು ಮೇಲೆತ್ತಿದರು.

ಐದನೇ ವಾರದಲ್ಲಿ ಒಂದು ದಿನ ಅಂಗೈಗಳ ನಡುವೆ ಏನೋ ಬೆಚ್ಚಗೆ ತುಂಬಿಕೊಂಡಿತು. ಬೆರಳ ತುದಿ ಜುಮ್ಮೆಂದಿತು. ಹೊಕ್ಕುಳ ಕೆಳಗೆ, ಅವರು ದಾನ್‌ತಿಯೆನ್ ಅನ್ನುವ ಜಾಗದಲ್ಲಿ, ಉಸಿರು ತಾನಾಗಿ ಇಳಿದು ಕೂತಿತು. ರಕ್ತ ಚೆನ್ನಾಗಿ ಹರಿದಾಗ ಕೈ ಬೆಚ್ಚಗಾಗುತ್ತದೆ, ಅದು ಗೊತ್ತು. ಹಾಗಂತ ಆ ಅನುಭವ ಚಿಕ್ಕದಾಗುವುದಿಲ್ಲ. 'ಯಿ ದಾವೊ, ಚಿ ದಾವೊ' ಅಂದರು ಆಯಿ. ಗಮನ ಎಲ್ಲಿಗೆ ಹೋಗುತ್ತದೋ ಚಿ ಅಲ್ಲಿಗೆ.

ಮೂರನೆಯದು ಲಿಯೂ ಜಿ ಜುಯೆ. ಆರು ಶಬ್ದಗಳ ಉಸಿರಾಟ. ಯಕೃತ್ತಿಗೆ ಒಂದು, ಹೃದಯಕ್ಕೆ ಒಂದು, ಶ್ವಾಸಕೋಶಕ್ಕೆ ಸ್ಸ್ ಅಂತ ಇನ್ನೊಂದು. ಸಿಟ್ಟು ಬಂದಾಗ, ನಿದ್ದೆ ಬಾರದಾಗ ಒಳ್ಳೆಯದು. ಅದಕ್ಕಿಂತ ಹೆಚ್ಚು ನನಗೆ ಹಿಡಿಸಲಿಲ್ಲ.

ಚಿ ಅನ್ನುವ ಮಾತು ಮೈಗೆ ಅರ್ಥವಾಗಬೇಕು ಅಂದರೆ ನಿಲ್ಲಿ. ದಿನಾ ಬಿಡದೆ ಮಾಡಲು ಏನಾದರೂ ಬೇಕು ಅಂದರೆ ಬಾದುವಾನ್‌ಜಿನ್. ನನ್ನ ಆಯ್ಕೆ ಜಾನ್‌ಜುವಾಂಗ್. ತಮಾಷೆಯಲ್ಲ, ನಿಂತು ಕಲಿತ ಮೇಲೆ ಆ ಎಂಟು ಚಲನೆಗಳಲ್ಲೂ ಅದೇ ಬಿಸುಪು ಬರತೊಡಗಿತು. ಚೀನಾದ ಚಾಂಗ್‌ಶಾ ನಗರದ ಮಾವಾಂಗ್‌ದುಯಿ ಗೋರಿಯಲ್ಲಿ ಸಿಕ್ಕ ರೇಷ್ಮೆ ಪಟದ ಚಿತ್ರ ನೋಡಿದ್ದೀರಾ? ಕ್ರಿ.ಪೂ. 168ರ ಗೋರಿ ಅದು. ಪಟದಲ್ಲಿ 44 ಜನ ಕೈ ಚಾಚಿ, ಮೈ ಬಗ್ಗಿಸಿ ನಿಂತಿದ್ದಾರೆ. ಥೇಟ್ ನಮ್ಮ ಪಾರ್ಕಿನ ಗುಂಪೇ.

ಊರಿಗೆ ಬಂದ ಮೇಲೆ ಅಮ್ಮನಿಗೂ ಹೇಳಿಕೊಟ್ಟೆ. ಮಂಡಿ ನೋವಿನವರು, ಹಾಗಾಗಿ ಕುರ್ಚಿ ಮೇಲೆ ಕೂತು ಕೈಗಳಷ್ಟೇ. ಚಿ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ನಾಲ್ಕನೇ ದಿನ ಅಂಗೈ ನೋಡಿಕೊಳ್ಳುತ್ತಾ ಅಂದರು: "ಕೈಗೆ ಜೀವ ಬಂದಾಂಗಾತು ಕೂಸೆ."