ಶೇ. 10ರ ಲ್ಯಾಕ್ಟಿಕ್ ಆಮ್ಲದ ಪೀಲ್: ಮನೆಯಲ್ಲಿ ಬಳಸುವವರು ಏನನ್ನು ನಿರೀಕ್ಷಿಸಬಹುದು

ಮನೆಯಲ್ಲಿ ಬಳಸುವ ಕೆಮಿಕಲ್ ಪೀಲ್, ಅಂದರೆ ಚರ್ಮದ ಹೊರಪದರದ ಸತ್ತ ಕೋಶಗಳನ್ನು ಉದುರಿಸುವ ಆಮ್ಲದ ದ್ರವ, ಸರಿಯಾಗಿ ಕೆಲಸ ಮಾಡಿದಾಗ ಮರುದಿನ ಕನ್ನಡಿಯಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಹಾವು ಪೊರೆ ಬಿಟ್ಟಂತೆ ಮುಖದ ಚರ್ಮ ಹಾಳೆಹಾಳೆಯಾಗಿ ಕಳಚಿಬೀಳುತ್ತದೆ ಎಂಬ ನಿರೀಕ್ಷೆಯಿಂದ ಈ ಸೀಸೆಗಳನ್ನು ಕೊಳ್ಳುವವರು ಬಹಳ ಮಂದಿ ಇದ್ದಾರೆ. ಹಾಗೆ ಕಳಚುವುದು ವೈದ್ಯರ ಕೈಯಲ್ಲಿ ನಡೆಯುವ, ಹೆಚ್ಚು ಆಳಕ್ಕೆ ಇಳಿಯುವ ಪೀಲ್‌ಗಳ ಲಕ್ಷಣ. ಮನೆಯ ಪೀಲ್‌ನಿಂದ ಹಾಗಾದರೆ ಅದನ್ನು ಯಶಸ್ಸೆಂದಲ್ಲ, ಗಾಯವೆಂದೇ ಎಣಿಸಬೇಕು. ನಾನಿಲ್ಲಿ ವಿಮರ್ಶಿಸುತ್ತಿರುವುದು ಶೇ. 10ರ ಲ್ಯಾಕ್ಟಿಕ್ ಆಮ್ಲವಿರುವ, ವಾರಕ್ಕೊಮ್ಮೆ ಹಚ್ಚಿ ಕೆಲವು ನಿಮಿಷಗಳಲ್ಲಿ ತೊಳೆಯಬೇಕಾದ ಪೀಲ್ ಅನ್ನು. ಇದೇ ಮಿಶ್ರಣ ಹಲವು ಹೆಸರುಗಳಲ್ಲಿ ದೊರೆಯುವುದರಿಂದ ಕಂಪನಿಯ ಹೆಸರಿಗಿಂತ ಸೀಸೆಯ ಮೇಲೆ ಏನು ಬರೆದಿದೆ ಎಂಬುದೇ ಮುಖ್ಯ. ನಾನು ಕೊಂಡದ್ದರ ಮೇಲೆ ಆಮ್ಲದ ಪ್ರಮಾಣದ ಜೊತೆಗೆ ಅದರ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) 3.8 ಎಂದೂ ಮುದ್ರಿಸಿದ್ದರು. ಅದನ್ನೇ ಆರಿಸಲು ಕಾರಣವೂ ಅದೇ.

ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಶೇಕಡಾವಾರು ಅಂಕಿಯನ್ನು ಮಾತ್ರ. ಆದರೆ ಚರ್ಮದೊಳಗೆ ಸುಲಭವಾಗಿ ಇಳಿಯುವುದು ಲವಣವಾಗಿ ಮಾರ್ಪಡದೆ ಉಳಿದ ಮುಕ್ತ ಆಮ್ಲ, ಮತ್ತು ಅದು ಎಷ್ಟು ಉಳಿದಿದೆ ಎಂಬುದನ್ನು ಹೇಳುವುದು ಪಿಎಚ್. ಲ್ಯಾಕ್ಟಿಕ್ ಆಮ್ಲದಲ್ಲಿ ಪಿಎಚ್ ಸುಮಾರು 3.86 ಇದ್ದಾಗ ಅರ್ಧದಷ್ಟು ಮುಕ್ತವಾಗಿರುತ್ತದೆ. ಪಿಎಚ್ ಇಳಿದಂತೆ ಆ ಪಾಲು ಏರುತ್ತದೆ, ಪಿಎಚ್ 5ರ ಹೊತ್ತಿಗೆ ಬಹಳಷ್ಟು ಕುಗ್ಗಿರುತ್ತದೆ. ಹಾಗಾಗಿ ಶೇ. 10ರ ಎರಡು ಸೀಸೆಗಳಲ್ಲಿ ಒಂದು ಬರಿಯ ತೇವಾಂಶದ ದ್ರವದಂತೆ ವರ್ತಿಸಬಹುದು, ಇನ್ನೊಂದು ಚೆನ್ನಾಗಿ ಚುರುಗುಟ್ಟಿಸಬಹುದು. ಅಮೆರಿಕದಲ್ಲಿ ಸೌಂದರ್ಯವರ್ಧಕಗಳ ಘಟಕಗಳನ್ನು ಪರಿಶೀಲಿಸುವ ಕಾಸ್ಮೆಟಿಕ್ ಇನ್‌ಗ್ರೀಡಿಯೆಂಟ್ ರಿವ್ಯೂ ತಜ್ಞರ ಮಂಡಳಿಯು 1998ರಲ್ಲಿ ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳ ಬಗ್ಗೆ ಹೇಳಿದ್ದೂ ಈ ಎರಡು ಅಂಕಿಗಳನ್ನು ಸೇರಿಸಿಯೇ: ಜನರು ತಾವೇ ಬಳಸುವ ಪದಾರ್ಥದಲ್ಲಿ ಆಮ್ಲ ಶೇ. 10ನ್ನು ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗಿಳಿಯಬಾರದು, ಮತ್ತು ಬಿಸಿಲಿನ ವಿಷಯದಲ್ಲಿ ಬಳಕೆದಾರರಿಗೆ ರಕ್ಷಣೆ ಅಥವಾ ಸೂಚನೆ ಇರಬೇಕು. ತರಬೇತಿ ಪಡೆದವರು ಸಲೂನಿನಲ್ಲಿ ಅಲ್ಪ ಹೊತ್ತು ಹಚ್ಚಿ ಚೆನ್ನಾಗಿ ತೊಳೆಯುವ ಪೀಲ್‌ಗೆ ಆ ಮಿತಿ ಶೇ. 30 ಮತ್ತು ಪಿಎಚ್ 3. ಈ ಎರಡು ಮಿತಿಗಳ ನಡುವಿನ ಅಂತರವನ್ನು ನೋಡಿದರೆ ಶೇ. 30ರ ಸೀಸೆಯನ್ನು ಮನೆಗೆ ತರುವ ಮುನ್ನ ಯಾರೇ ಆದರೂ ಒಮ್ಮೆ ಯೋಚಿಸಬೇಕು.

ಬಳಸುವ ಕ್ರಮ ಸರಳವಾಗಿಯೇ ಇದೆ. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಪೂರ್ತಿ ಒಣಗಲು ಬಿಟ್ಟು, ಮೂಗಿನ ಅಂಚು, ತುಟಿಯ ಕೊನೆ ಮತ್ತು ಕಣ್ಣಿನ ಸುತ್ತ ವ್ಯಾಸಲೀನ್ ಸವರಿಕೊಳ್ಳಬೇಕು. ತೆಳ್ಳನೆಯ ಈ ಜಾಗಗಳಲ್ಲಿಯೇ ದ್ರವ ನಿಂತು ಹೆಚ್ಚು ಸುಡುತ್ತದೆ. ಒದ್ದೆ ಮುಖಕ್ಕೆ ಹಚ್ಚಿದರೆ ಆಮ್ಲ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಇಳಿಯಬಹುದಾದ್ದರಿಂದ ಒಣಗಿಸಿಕೊಳ್ಳುವ ಸೂಚನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದ್ರವ ನೀರಿನಷ್ಟೇ ತೆಳುವಾಗಿದ್ದು, ಸ್ವಲ್ಪ ಹುಳಿ ವಾಸನೆ ಇದೆ. ಡ್ರಾಪರ್‌ನಿಂದ ನೇರವಾಗಿ ಮುಖಕ್ಕೆ ಬಿಟ್ಟರೆ ಕಣ್ಣಿನ ಕಡೆಗೆ ಹರಿಯುವ ಸಾಧ್ಯತೆ ಇರುವುದರಿಂದ, ಬೆರಳಿಗೆ ಸುರಿದುಕೊಂಡು ಹಣೆ, ಕೆನ್ನೆ, ಗಲ್ಲದ ಕ್ರಮದಲ್ಲಿ ಹಚ್ಚುವುದು ಮೇಲು. ತಯಾರಕರು ಇದನ್ನು ಇನ್ನಷ್ಟು ಮಂದವಾದ ಜೆಲ್ ರೂಪದಲ್ಲಿ ಕೊಟ್ಟಿದ್ದರೆ ಚೆನ್ನಾಗಿತ್ತು.

ಹಚ್ಚಿದ ಕ್ಷಣಗಳಲ್ಲೇ ಜುಮುಗುಟ್ಟುವಿಕೆ ಶುರುವಾಗಿ, ಸ್ವಲ್ಪ ಏರಿ, ಆಮೇಲೆ ತಾನಾಗಿಯೇ ತಗ್ಗುತ್ತದೆ. ಈ ಏರಿಳಿತವನ್ನು ಗಮನಿಸುವುದನ್ನು ಪ್ರತಿಯೊಬ್ಬರೂ ಕಲಿಯಬೇಕು. ಸಣ್ಣ ತುರಿಕೆಯೂ ಚುರುಚುರು ಎನ್ನುವುದೂ ಸಹಜ. ಆದರೆ ಉರಿ ತಗ್ಗದೆ ಏರುತ್ತಲೇ ಹೋದರೆ, ಒಂದು ಜಾಗ ಮಾತ್ರ ಗಾಢವಾಗಿ ಕೆಂಪಾದರೆ ಅಥವಾ ಎಲ್ಲಿಯಾದರೂ ಬೂದು ಮಿಶ್ರಿತ ಬಿಳುಪು ಕಾಣಿಸಿದರೆ ಗಡಿಯಾರವನ್ನು ನೋಡುತ್ತ ಕೂರದೆ ತಕ್ಷಣ ತೊಳೆಯಬೇಕು. ಆ ಬಿಳುಪು ಚರ್ಮದ ಪ್ರೋಟೀನು ಹೆಪ್ಪುಗಟ್ಟಿದ ಗುರುತು, ಅಂದರೆ ಆಮ್ಲ ಇಳಿಯಬಾರದಷ್ಟು ಆಳಕ್ಕೆ ಇಳಿದಿದೆ ಎಂದರ್ಥ. ಮೊದಲ ಬಾರಿಗೆ ಎರಡು ಮೂರು ನಿಮಿಷವೇ ಸಾಕು; ಚರ್ಮ ಒಗ್ಗಿದಂತೆ ಸೀಸೆಯಲ್ಲಿ ಹೇಳಿದ ಗರಿಷ್ಠ ಅವಧಿಯ ಕಡೆಗೆ ನಿಧಾನವಾಗಿ ಹೋಗಬಹುದು, ಅದನ್ನು ಮೀರಬಾರದು. ಈ ಶಕ್ತಿಯ ಪೀಲ್‌ಗೆ ಧಾರಾಳವಾಗಿ ತಣ್ಣೀರು ಎರಚಿ ತೊಳೆದರೆ ಸಾಕು. ಅಡುಗೆ ಸೋಡಾವನ್ನು ಮುಖಕ್ಕೆ ತಿಕ್ಕಿ ಆಮ್ಲವನ್ನು ಶಮನಗೊಳಿಸಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಗ ತಾನೇ ಸೂಕ್ಷ್ಮವಾದ ಚರ್ಮಕ್ಕೆ ಆ ಉಜ್ಜುವಿಕೆಯೇ ಇನ್ನೊಂದು ಪೆಟ್ಟು.

ನಂತರದ ದಿನಗಳಲ್ಲಿ ಆಗುವುದನ್ನು ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ತೊಳೆದ ಕೂಡಲೇ ಮುಖ ಸ್ವಲ್ಪ ಬಿಗಿದಂತೆ, ನಸುಗೆಂಪಾಗಿ ಇರುತ್ತದೆ. ಬೆಳಿಗ್ಗೆಯ ಹೊತ್ತಿಗೆ ಕೆಂಪು ಹೋಗಿರಬೇಕು. ಆಮೇಲಿನ ಎರಡು ಮೂರು ದಿನಗಳಲ್ಲಿ ಮೂಗಿನ ಬದಿಗಳಲ್ಲಿ, ಬಾಯಿಯ ಸುತ್ತ, ಕೆಲವೊಮ್ಮೆ ಗಲ್ಲದ ಮೇಲೆ ಹೊಟ್ಟಿನಂತೆ ಸಣ್ಣಗೆ ಏಳಬಹುದು, ಏಳದೆಯೂ ಇರಬಹುದು. ಏಳದಿದ್ದರೆ ಪೀಲ್ ಕೆಲಸ ಮಾಡಿಲ್ಲ ಎಂದುಕೊಂಡು ಮತ್ತೆ ಹಚ್ಚುವವರಿದ್ದಾರೆ, ಹಾಗೆ ಮಾಡಬಾರದು. ಚರ್ಮದ ತೀರಾ ಹೊರಗಿನ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಬಂಧಗಳನ್ನು ಈ ಆಮ್ಲ ಸಡಿಲಿಸುತ್ತದೆ, ಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದುರುತ್ತವೆ. ಹೊಟ್ಟನ್ನು ಕೀಳುವುದು, ಸ್ಕ್ರಬ್ ಹಾಕಿ ತಿಕ್ಕುವುದು, ಟವೆಲಿನಿಂದ ಒತ್ತಿ ಒರೆಸುವುದು, ಇವೆಲ್ಲ ಕಲೆಗೆ ನೇರ ದಾರಿಗಳು. ಸುಗಂಧವಿಲ್ಲದ ದಪ್ಪ ಮಾಯಿಶ್ಚರೈಸರ್ ಹಚ್ಚಿ ಸುಮ್ಮನೆ ಬಿಡುವುದು ಸಾಕು. ಪೆಟ್ಟಿಗೆಯ ಜೊತೆ ಬಂದ ಸಣ್ಣ ಕ್ರೀಮಿನಲ್ಲಿ ಸುಗಂಧ ಸೇರಿಸಿದ್ದರಿಂದ ನಾನು ಅದನ್ನು ಬಳಸಲಿಲ್ಲ. ಪೀಲ್ ಆದ ರಾತ್ರಿಗೆ ಸುಗಂಧದ ಕ್ರೀಮು ಕೊಡುವುದು ತಯಾರಕರ ಕಡೆಯ ನಿಜವಾದ ಲೋಪ.

ಫಲದ ವಿಷಯಕ್ಕೆ ಬಂದರೆ, ಮೊದಲು ಗೊತ್ತಾಗುವುದು ಕಣ್ಣಿಗಲ್ಲ, ಬೆರಳಿಗೆ. ಒಂದೆರಡು ಬಾರಿಯಲ್ಲೇ ಕೆನ್ನೆಯ ಒರಟು ಕಡಿಮೆಯಾಗಿ, ಮಾಯಿಶ್ಚರೈಸರ್ ಸಮನಾಗಿ ಹರಡುತ್ತದೆ. ಲ್ಯಾಕ್ಟಿಕ್ ಆಮ್ಲವು ಚರ್ಮ ತಾನಾಗಿ ನೀರನ್ನು ಹಿಡಿದಿಟ್ಟುಕೊಳ್ಳಲು ಬಳಸುವ ಪದಾರ್ಥಗಳ ಗುಂಪಿಗೇ ಸೇರಿದ್ದು, ಅದಕ್ಕಾಗಿ ಒಣಚರ್ಮದವರಿಗೆ ಇದು ಗ್ಲೈಕಾಲಿಕ್‌ಗಿಂತ ಹಿತವಾಗಿರುತ್ತದೆ. ಮಂಕುತನ ತಗ್ಗಿ ಮುಖ ತಿಳಿಯಾಗುವುದಕ್ಕೆ ಕೆಲವು ವಾರಗಳು ಬೇಕು. ಹೊಸ ಮೊಡವೆ ಬಿಟ್ಟುಹೋದ ಕಂದು ಗುರುತುಗಳು ಮಸುಕಾಗುವುದಕ್ಕೆ ತಿಂಗಳುಗಳೇ ಬೇಕು. ಎಳೆಯರಲ್ಲೂ ಚರ್ಮದ ಕೆಳಪದರದ ಕೋಶ ಮೇಲೆ ಬಂದು ಉದುರುವುದಕ್ಕೆ ಸುಮಾರು ನಾಲ್ಕು ವಾರ ಹಿಡಿಯುವುದರಿಂದ ಇದಕ್ಕಿಂತ ಬೇಗದ ಭರವಸೆಯನ್ನು ನಂಬುವಂತಿಲ್ಲ. ಮೊಡವೆಯ ಗುಳಿಗಳು, ಆಳದ ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಮಚ್ಚೆ, ಇವಾವುವನ್ನೂ ಇದು ಮುಟ್ಟುವುದಿಲ್ಲ. ಬಂಗಿನ ವಿಷಯದಲ್ಲಂತೂ ಎಚ್ಚರ ಬೇಕು: ಉರಿಯಾದರೆ ಬಂಗು ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಆದ್ದರಿಂದ ಅದನ್ನು ಚರ್ಮತಜ್ಞರಿಗೇ ಬಿಡುವುದು ಒಳ್ಳೆಯದು.

ಕಂದು ಮತ್ತು ಕಪ್ಪು ಮೈಬಣ್ಣದವರು ಈ ಒಂದು ಅಂಶವನ್ನು ಬೇರೆಲ್ಲಕ್ಕಿಂತ ಮುಂದೆ ಇಟ್ಟುಕೊಳ್ಳಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ನಮ್ಮ ಚರ್ಮದ ಬಣ್ಣದ ಕೋಶಗಳು ಯಾವುದೇ ಉರಿಯೂತಕ್ಕೆ ಹೆಚ್ಚು ಮೆಲನಿನ್ ತಯಾರಿಸಿ ಉತ್ತರ ಕೊಡುತ್ತವೆ. ತಿಳಿಬಣ್ಣದ ಚರ್ಮದಲ್ಲಿ ಕೆಲವು ದಿನ ಕೆಂಪಾಗಿದ್ದು ಹೋಗುವ ಸುಡುವಿಕೆ ನಮ್ಮಲ್ಲಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯಾಗಬಹುದು; ಕಲೆ ತೆಗೆಯಲೆಂದು ತಂದ ಪದಾರ್ಥವೇ ಹೊಸ ಕಲೆ ಕೊಟ್ಟಂತಾಗುತ್ತದೆ. ಆದಕಾರಣ ನಿಧಾನವಾಗಿ ಇಳಿಯುವ ಆಮ್ಲವೇ ಲೇಸು. ಗ್ಲೈಕಾಲಿಕ್‌ನ ಅಣುತೂಕ 76, ಲ್ಯಾಕ್ಟಿಕ್‌ನದು 90, ಮ್ಯಾಂಡೆಲಿಕ್‌ನದು 152. ಅಣು ದೊಡ್ಡದಾದಷ್ಟೂ ಇಳಿಯುವ ವೇಗ ಕಡಿಮೆ, ಚುರುಕೂ ಕಡಿಮೆ. ಬೇಗ ಕೆಂಪಾಗುವ ಚರ್ಮದವರು ಲ್ಯಾಕ್ಟಿಕ್‌ಗೂ ಮೊದಲು ಮ್ಯಾಂಡೆಲಿಕ್‌ನಿಂದ ಶುರು ಮಾಡಬಹುದು. ಜಿಡ್ಡು ಮುಖ, ಕಪ್ಪುತಲೆಯ ಮೊಡವೆ ಇರುವವರಿಗೆ ಎಣ್ಣೆಯಲ್ಲಿ ಕರಗುವ ಸ್ಯಾಲಿಸಿಲಿಕ್ ಆಮ್ಲ ಹೆಚ್ಚು ಉಪಯುಕ್ತ, ಏಕೆಂದರೆ ಅದು ರಂಧ್ರಗಳ ಒಳಗಿನ ಜಿಡ್ಡಿನ ಮೂಲಕ ಹೋಗಬಲ್ಲದು. ಆದರೆ ಆಸ್ಪಿರಿನ್ ಒಗ್ಗದವರಿಗೆ ಅದು ಸಲ್ಲ.

ಬಿಸಿಲಿನ ಮಾತನ್ನು ಸೀಸೆಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ, ಅದು ಮುಂಭಾಗದಲ್ಲಿರಬೇಕಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಬೆಂಬಲಿಸಿದ ಅಧ್ಯಯನವೊಂದರಲ್ಲಿ ನಾಲ್ಕು ವಾರ ಈ ಬಗೆಯ ಆಮ್ಲ ಹಚ್ಚಿದವರ ಚರ್ಮ ನೇರಳಾತೀತ ಕಿರಣಕ್ಕೆ ಕೆಂಪಾಗುವ ಸೂಕ್ಷ್ಮತೆ ಶೇ. 18ರಷ್ಟು ಹೆಚ್ಚಿತ್ತು, ನಿಲ್ಲಿಸಿ ಒಂದು ವಾರ ಕಳೆದ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ. ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಪೀಲ್ ಬಳಸುವ ಕಾಲದುದ್ದಕ್ಕೂ, ನಿಲ್ಲಿಸಿದ ವಾರದಲ್ಲೂ ಕನಿಷ್ಠ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕೇ ಬೇಕು. ಮತ್ತು ದಿನವಿಡೀ ಬಿಸಿಲಿನಲ್ಲಿ ದುಡಿಯುವವರು, ಸನ್‌ಸ್ಕ್ರೀನನ್ನು ಮತ್ತೆ ಮತ್ತೆ ಹಚ್ಚಲು ಅನುಕೂಲವಿಲ್ಲದವರು ಈ ಪೀಲ್ ಅನ್ನು ಕೊಳ್ಳದಿರುವುದೇ ವಾಸಿ. ಕಲೆಯ ಚಿಂತೆ ಇರುವವರಿಗೆ ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆತ ಸನ್‌ಸ್ಕ್ರೀನ್ ಹೆಚ್ಚು ನೆರವಾಗುತ್ತದೆ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಕೂಡ ಕಲೆಯನ್ನು ಗಾಢಗೊಳಿಸುತ್ತದೆ.

ಪೆಟ್ಟಿಗೆಯೊಳಗಿನ ಸೂಚನಾಪತ್ರದ ಬಗ್ಗೆ ನನ್ನ ದೊಡ್ಡ ಆಕ್ಷೇಪವಿದೆ. ರೆಟಿನಾಲ್, ಟ್ರೆಟಿನಾಯಿನ್ ಅಥವಾ ಅಡಾಪಲೀನ್‌ನಂಥ ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಕ್ರೀಮು ಹಚ್ಚುತ್ತಿರುವವರು ಪೀಲ್‌ಗೆ ಕೆಲವು ದಿನ ಮೊದಲೇ ಅವನ್ನು ನಿಲ್ಲಿಸಬೇಕೆಂಬ ಮಾತು ಅದರಲ್ಲಿಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ಅಥವಾ ಇತ್ತೀಚೆಗೆ ನಿಲ್ಲಿಸಿದವರು ವೈದ್ಯರನ್ನು ಕೇಳದೆ ಮುಟ್ಟಬಾರದೆಂಬುದೂ ಇಲ್ಲ. ತುಟಿಯ ಬಳಿ ಹರ್ಪಿಸ್ ಗುಳ್ಳೆ ಬರುವವರು, ಇಸುಬು ಇರುವವರು, ಬಿಸಿಲಿಗೆ ಸುಟ್ಟ ಅಥವಾ ಆಗ ತಾನೇ ವ್ಯಾಕ್ಸಿಂಗ್ ಮಾಡಿಸಿದ ಚರ್ಮದವರು ಕಾಯಬೇಕು. ಗರ್ಭಿಣಿಯರು ಯಾವ ಪೀಲ್‌ಗೂ ಮೊದಲು ವೈದ್ಯರ ಮಾತು ಕೇಳಬೇಕು. ಕಿವಿಯ ಹಿಂದೆ ಅಥವಾ ದವಡೆಯ ಅಂಚಿನಲ್ಲಿ ಒಂದಿಷ್ಟು ಹಚ್ಚಿ, ತೊಳೆದು, 48 ಗಂಟೆ ಕಾದು ನೋಡುವ ಪರೀಕ್ಷೆಯನ್ನು ಒಂದು ಸಾಲಿನಲ್ಲಿ ಮುಗಿಸಿದ್ದಾರೆ. ಕಲೆ ಬೀಳುವ ಚರ್ಮವೇ ಎಂದು ಮುಖಕ್ಕೆ ಹಚ್ಚುವ ಮೊದಲು ತಿಳಿಯಲು ಇರುವ ಅತ್ಯುತ್ತಮ ಉಪಾಯ ಅದೇ.

ಈ ಪೀಲ್ ಒಗ್ಗಿದ ಮೇಲೆ ಹೆಚ್ಚು ತೀಕ್ಷ್ಣವಾದುದಕ್ಕೆ ಏರಬೇಕೆನ್ನಿಸುವುದು ಸಹಜ, ಮತ್ತು ಆನ್‌ಲೈನ್ ಅಂಗಡಿಗಳಲ್ಲಿ ಶೇ. 50, 70ರ ಗ್ಲೈಕಾಲಿಕ್, ಟ್ರೈಕ್ಲೋರೊಅಸೆಟಿಕ್ ಆಮ್ಲದ ಸೀಸೆಗಳು ಕೂಡ ಯಾವ ತಡೆಯೂ ಇಲ್ಲದೆ ಸಿಗುತ್ತವೆ. ಇಂಥ ತೀಕ್ಷ್ಣ ಪೀಲ್‌ಗಳನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಕೊಳ್ಳಬೇಡಿ, ಬಳಸಬೇಡಿ, ಇವುಗಳಿಂದ ರಾಸಾಯನಿಕ ಸುಟ್ಟಗಾಯ, ಊತ, ಸೋಂಕು, ಶಾಶ್ವತ ಗಾಯದ ಗುರುತು ಆಗಬಹುದು ಎಂದು 2024ರ ಜುಲೈನಲ್ಲಿ ಎಫ್‌ಡಿಎ ಗ್ರಾಹಕರನ್ನು ಎಚ್ಚರಿಸಿದೆ. ಟ್ರೈಕ್ಲೋರೊಅಸೆಟಿಕ್ ಆಮ್ಲವನ್ನು ತೊಳೆದು ನಿಲ್ಲಿಸುವುದೂ ಸಾಧ್ಯವಿಲ್ಲ. ಅದು ತಾಗಿದ ಕ್ಷಣದಿಂದಲೇ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತ ಹೋಗುತ್ತದೆ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ: ದ್ರವಕ್ಕೆ ಮತ್ತು ಪಿಎಚ್ ಮುದ್ರಿಸಿದ ಪ್ರಾಮಾಣಿಕತೆಗೆ ಪೂರ್ಣ ಅಂಕ, ಸೂಚನಾಪತ್ರಕ್ಕೆ ಮತ್ತು ಸುಗಂಧದ ಕ್ರೀಮಿಗೆ ಕಡಿತ. ಸೀಸೆ ಮುಗಿದ ಮೇಲೆ ಇದೇ ಶಕ್ತಿಯದನ್ನೇ ಮತ್ತೆ ಕೊಳ್ಳುತ್ತೇನೆ, ವಾರಕ್ಕೊಮ್ಮೆಗಿಂತ ಹೆಚ್ಚು ಹಚ್ಚುವುದಿಲ್ಲ. ಕೊಳ್ಳುವವರು ತಂಪಾದ, ಬೆಳಕು ಬೀಳದ ಜಾಗದಲ್ಲಿ ಇಟ್ಟು, ಮುಚ್ಚಳ ತೆರೆದ ದಿನಾಂಕವನ್ನು ಸೀಸೆಯ ಮೇಲೇ ಬರೆದುಕೊಳ್ಳಿ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬುದು ಲೇಬಲ್‌ನಲ್ಲಿ ತೆರೆದ ಡಬ್ಬಿಯ ಚಿತ್ರದೊಳಗೆ ಇರುತ್ತದೆ.